ಗೃಹ ಸಚಿವರೇ, ಆ ಕಪಾಟು ಸ್ವಲ್ಪ ಆಚೆ ಸರಿಸಿ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಪಿಯುಸಿಎಲ್‌ಗೆ 50 ವರ್ಷ ತುಂಬುತ್ತಿರುವ ಬಗ್ಗೆ, ಮತ್ತು ಒಂದು ಠಾಣೆಯ ಗೋಡೆಯ ಬಗ್ಗೆ.

ಮಾನ್ಯರೇ,

ನಾನು ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ, ಕೋರ್ಟಿನ ಹತ್ತಿರ ಜಾಬ್ ಟೈಪಿಂಗ್ ಮಾಡುವವನು. ಮೊದಲು ಮೆಷಿನ್, ಈಗ ಕಂಪ್ಯೂಟರ್. 31 ವರ್ಷ ಆಯಿತು. ಅಫಿಡವಿಟ್, ಬಾಡಿಗೆ ಕರಾರು, ಜಾಮೀನು ಅರ್ಜಿ, ಠಾಣೆಗೆ ಕೊಡುವ ದೂರು ಎಲ್ಲ ಟೈಪ್ ಮಾಡಿದ್ದೇನೆ. ನಿಮ್ಮ ಹುದ್ದೆಗೆ ಬರೆದ ಮನವಿಗಳನ್ನೂ ಬೇರೆಯವರ ಪರವಾಗಿ ಎಷ್ಟೋ ಟೈಪ್ ಮಾಡಿದ್ದುಂಟು. ನನ್ನದೇ ಅಂತ ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ಎಲ್ಲಾದರೂ ಒಕ್ಕಣೆ ತಪ್ಪಿದರೆ ಕ್ಷಮಿಸಿ.

ಈ ಅಕ್ಟೋಬರ್‌ಗೆ ಪಿಯುಸಿಎಲ್ ಅಂತ ನಾವು ಕರೆಯುವ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಅನ್ನುವ ನಾಗರಿಕ ಹಕ್ಕುಗಳ ಸಂಸ್ಥೆಗೆ 50 ತುಂಬುತ್ತದೆ. ಅವರಿಗೆ ಸರ್ಕಾರದ ವತಿಯಿಂದ ಒಂದು ಗೌರವ ಆಗಬೇಕು ಅಂತ ನನ್ನ ಆಸೆ. ನಗಬೇಡಿ ಸರ್. ಅವರು ನಿಮ್ಮ ಇಲಾಖೆಯ ಮೇಲೆ ಕೇಸು ಹಾಕುವವರು ಅಂತ ಗೊತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡಿ ಅಂತ ನಾನು ಕೇಳುತ್ತಿಲ್ಲ, ಕೊಟ್ಟರೆ ಅವರು ತೆಗೆದುಕೊಳ್ಳುವುದೂ ಅನುಮಾನ. ನಾನು ಕೇಳುತ್ತಿರುವುದು ಒಂದು ಕಬ್ಬಿಣದ ಕಪಾಟು ಸರಿಸುವ ವಿಷಯ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಳೆದ ಮಳೆಗಾಲದ ಮಾತು. ನನ್ನ ಅಕ್ಕನ ಮಗ ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನು ಇಳಿಸುವ ಕೆಲಸ ಮಾಡುವವನು. ಬೋಟು ಇಲ್ಲದ ದಿನಗಳಲ್ಲಿ ಒಂದು ಐಸ್ ಪ್ಲಾಂಟಿನಲ್ಲಿರುತ್ತಾನೆ. ರಾತ್ರಿ ಹತ್ತೂವರೆಗೆ ಮನೆ ಹತ್ತಿರದ ಗೂಡಂಗಡಿಯಿಂದ ಅವನನ್ನು ಯಾರೋ ಮೂರು ಜನ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಮಫ್ತಿಯಲ್ಲಿದ್ದರು. ಎದೆಯ ಮೇಲೆ ಹೆಸರಿಲ್ಲ. ಎಲ್ಲಿಗೆ ಅಂತ ಅಂಗಡಿಯವನು ಕೇಳಿದ್ದಕ್ಕೆ "ಠಾಣೆಗೆ" ಅಂತ ಮಾತ್ರ ಹೇಳಿದರಂತೆ. ಯಾವ ಠಾಣೆ? ಮಂಗಳೂರಿನಲ್ಲಿ ಠಾಣೆ ಒಂದೆರಡಾ? ಅಕ್ಕ ನನಗೆ ಫೋನ್ ಮಾಡಿದಳು. ನಾನು ಸ್ಕೂಟರ್ ತೆಗೆದೆ. ಜೋರು ಮಳೆ. ಮೊದಲ ಠಾಣೆಯಲ್ಲಿ ಇಲ್ಲ ಅಂದರು, ಎರಡನೆಯದರಲ್ಲಿ ಇಲ್ಲ ಅಂದರು, ಮೂರನೆಯದರಲ್ಲಿ ಇಲ್ಲ ಅನ್ನಲೂ ಇಲ್ಲ, ಉಂಟು ಅನ್ನಲೂ ಇಲ್ಲ, "ಬೆಂಚಲ್ಲಿ ಕೂತ್ಕೊಳ್ಳಿ" ಅಂದರು. ಆಗ ನನಗೆ ಗೊತ್ತಾಯಿತು, ಹುಡುಗ ಇಲ್ಲೇ ಇದ್ದಾನೆ ಅಂತ. ಆ ಠಾಣೆಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ನೀವು ಯಾರೋ ಒಬ್ಬ ಪಾಪದ ಹೆಡ್ ಕಾನ್‌ಸ್ಟೇಬಲ್‌ಗೆ ನೋಟಿಸು ಕೊಡುತ್ತೀರಿ, ಗೋಡೆ ಮಾತ್ರ ಹಾಗೇ ಇರುತ್ತದೆ.

ಅಕ್ಕನಿಗೆ ತುಳು ಬಿಟ್ಟರೆ ಬೇರೆ ಭಾಷೆ ಸಲೀಸಾಗಿ ಬರುವುದಿಲ್ಲ. ಡ್ಯೂಟಿಯಲ್ಲಿದ್ದ ಹುಡುಗ ಬಾಗಲಕೋಟೆ ಕಡೆಯವನು, ಪಾಪ, ಅವನಿಗೆ ತುಳು ಬಾರದು. "ಎನ್ನ ಮಗೆ ಓಲುಲ್ಲೆ" (ನನ್ನ ಮಗ ಎಲ್ಲಿದ್ದಾನೆ) ಅಂತ ಇವಳು, "ಏನ್ ಹೇಳಾಕತ್ತೀರಿ ಅಮ್ಮ" ಅಂತ ಅವನು. ಅವನೇ ರಾತ್ರಿ ಎರಡು ಗಂಟೆಗೆ ಅಕ್ಕನಿಗೆ ತನ್ನ ಫ್ಲಾಸ್ಕಿನಿಂದ ಚಾ ಕೊಟ್ಟದ್ದು. ಅದನ್ನೂ ಹೇಳಬೇಕು. ನನಗೆ ಖಾಕಿಯ ಮೇಲೆ ದ್ವೇಷ ಇಲ್ಲ. ವಾರದ ರಜೆ ಸಿಗದೆ, ಊರಿಗೆ ಹೋಗಲಾಗದೆ ಒದ್ದಾಡುವ ಹುಡುಗರ ವರ್ಗಾವಣೆ ಅರ್ಜಿಗಳನ್ನು ನಾನೇ ಟೈಪ್ ಮಾಡಿದವನು.

ನಾಚಿಕೆಯ ಸಂಗತಿ ಈಗ ಬರುತ್ತದೆ. ನನಗೆ ಕಾನೂನು ಗೊತ್ತಿತ್ತು. ಪೊಲೀಸರು ಯಾರನ್ನಾದರೂ ಹಿಡಿಯುವಾಗ ಏನೇನು ಪಾಲಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ ಡಿ.ಕೆ. ಬಸು ಪ್ರಕರಣದ ಹೆಸರನ್ನು ಎಷ್ಟು ಸಾರಿ ಟೈಪ್ ಮಾಡಿದ್ದೇನೆ ಅಂದರೆ, ಕಣ್ಣು ಮುಚ್ಚಿದರೂ ಬೆರಳು ಅದನ್ನು ಹೊಡೆಯುತ್ತದೆ. ಹಿಡಿಯಲು ಬಂದವರ ಎದೆಯ ಮೇಲೆ ಹೆಸರು, ಹುದ್ದೆ ಕಾಣಬೇಕು. ಹಿಡಿದದ್ದಕ್ಕೆ ಒಂದು ಮೆಮೊ ಬರೆಯಬೇಕು, ಅದಕ್ಕೆ ಮನೆಯವರದ್ದೋ ಊರಿನ ಒಬ್ಬ ಮರ್ಯಾದಸ್ಥರದ್ದೋ ಸಾಕ್ಷಿ ಸಹಿ ಇರಬೇಕು. ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ಮೈಮೇಲೆ ಗಾಯ ಇದ್ದರೆ ಬರೆದಿಡಬೇಕು. ಜಿಲ್ಲಾ ಕಂಟ್ರೋಲ್ ರೂಮಿಗೆ 12 ಗಂಟೆಯ ಒಳಗೆ ಹೇಳಬೇಕು, ಅಲ್ಲಿನ ಬೋರ್ಡಿನಲ್ಲಿ ಹಾಕಬೇಕು. ಹೀಗೆ ಒಟ್ಟು 11. ಇಷ್ಟೆಲ್ಲ ಗೊತ್ತಿದ್ದ ನಾನು ಆ ಕೌಂಟರಿನ ಎದುರು ನಿಂತು ಹೇಳಿದ್ದು "ಸರ್... ಸರ್... ಸ್ವಲ್ಪ ನೋಡಿ ಸರ್" ಅಷ್ಟೇ. ಒಬ್ಬರು ತಲೆ ಎತ್ತಿ, "ಅರೆಸ್ಟ್ ಏನೂ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕರ್ಕೊಂಡು ಬಂದದ್ದು" ಅಂದರು. ಬಸು ತೀರ್ಪು ಅರೆಸ್ಟಿಗೆ ಮಾತ್ರ ಅಲ್ಲ, ಕೂರಿಸಿಕೊಂಡದ್ದಕ್ಕೂ ಅನ್ವಯ ಆಗುತ್ತದೆ ಅಂತ ಬಾಯಿ ತುದಿಗೆ ಬಂತು. ನುಂಗಿಕೊಂಡೆ. ಎದುರು ಹೇಳಿದರೆ ಒಳಗೆ ಹುಡುಗನಿಗೆ ಒಂದೇಟು ಜಾಸ್ತಿ ಬಿದ್ದರೆ? ಹಾಗೆ ಯೋಚನೆ ಬಂದ ಮೇಲೆ ಮನುಷ್ಯ ಏನು ಹೇಳುತ್ತಾನೆ ಹೇಳಿ.

ಮರುದಿನ ಸಂಜೆ ಬಿಟ್ಟರು. ಸುಮಾರು 19 ಗಂಟೆ ಆಗಿತ್ತು. ಅದೇ ಹೆಸರಿನ ಬೇರೆ ಹುಡುಗ ಬೇಕಾಗಿತ್ತಂತೆ. ಹೊಡೆದಿರಲಿಲ್ಲ, ಅದು ನಮ್ಮ ಪುಣ್ಯ. ಒಂದು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಕಳಿಸಿದರು. 24 ಗಂಟೆ ದಾಟಿರಲಿಲ್ಲವಲ್ಲ, ಕಾನೂನು ಎಲ್ಲಿ ಮುರಿಯಿತು ಅಂತ ಯಾರಾದರೂ ಕೇಳಬಹುದು. ಅಕ್ಕನನ್ನು ಕೇಳಬೇಕು ಅವರು.

ಹೊರಡುವಾಗ ಹಿಂತಿರುಗಿ ನೋಡಿದೆ. ಆ ಬೆಂಚಿನ ಎದುರಿನ ಗೋಡೆಯಲ್ಲಿ ಒಂದು ಬೋರ್ಡ್ ಉಂಟು. ಅದರ ಎದುರು ಒಂದು ಕಬ್ಬಿಣದ ಕಪಾಟು. ಕಪಾಟಿನ ಬಲಗಡೆ ಒಂದು ಗೇಣು ಬೋರ್ಡ್ ಕಾಣುತ್ತದೆ. ಹತ್ತಿರ ಹೋಗಿ ಕತ್ತು ಓರೆ ಮಾಡಿ ನೋಡಿದೆ. ಸಾಲುಗಳ ಕೊನೆ ಮಾತ್ರ ಕಾಣುತ್ತದೆ: "...ತಿಳಿಸತಕ್ಕದ್ದು", "...ಹಾಜರುಪಡಿಸತಕ್ಕದ್ದು", "...ಹಕ್ಕು ಇರುತ್ತದೆ". ಅದೇ ಸರ್, ಬಸು ತೀರ್ಪಿನ ಬೋರ್ಡ್! ನಾನು ಇಡೀ ರಾತ್ರಿ ಅದರ ಎದುರೇ ಕೂತಿದ್ದೆ.

ಈಗ ಪಿಯುಸಿಎಲ್‌ಗೆ ಬರುತ್ತೇನೆ.

ಬಸು ಕೇಸು ಪಿಯುಸಿಎಲ್ ಹಾಕಿದ್ದಲ್ಲ, ಆ ಶ್ರೇಯ ಬೇರೆಯವರದ್ದು. ಡಿ.ಕೆ. ಬಸು ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವಿನ ಕೆಲಸ ಮಾಡುತ್ತಿದ್ದವರು. ಲಾಕಪ್ ಸಾವುಗಳ ಸುದ್ದಿ ಪೇಪರಿನಲ್ಲಿ ಓದಿ 1986ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಆ ಕಾಗದವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿ ಅಂತ ತೆಗೆದುಕೊಂಡಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 18ಕ್ಕೆ. ಅದೇ ದಿನ ಅದೇ ಕೋರ್ಟಿನಿಂದ ಇನ್ನೊಂದು ತೀರ್ಪೂ ಬಂತು, ಫೋನ್ ಕದ್ದಾಲಿಕೆಯ ಬಗ್ಗೆ. ಅದು ಪಿಯುಸಿಎಲ್‌ನದ್ದು. ಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ವಿಷಯ, ಮನಸ್ಸು ಬಂದ ಹಾಗೆ ಕೇಳುವಂತಿಲ್ಲ, ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಅಂತ ಕೋರ್ಟ್ ಹೇಳಿತು. ಕದ್ದಾಲಿಕೆ ವಿಷಯ ಕರ್ನಾಟಕದವರಿಗೆ ಹೊಸದಲ್ಲ ಬಿಡಿ, 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಅದೇ ಗಲಾಟೆಯಲ್ಲಿ ಅಲ್ವಾ. ಆ ತೀರ್ಪುಗಳು ಬಂದ 1996ರ ಡಿಸೆಂಬರ್‌ನಲ್ಲಿ ನಾನಿನ್ನೂ ಹೊಸಬ, ಒಂದೂವರೆ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೆ. ವಕೀಲರೊಬ್ಬರು ಎರಡು ಜೆರಾಕ್ಸ್ ತಂದು ನನ್ನ ಮೇಜಿನ ಮೇಲೆ ಇಟ್ಟು, "ಇದನ್ನು ಓದು, ಮುಂದೆ ದಿನಾ ಬೇಕಾಗ್ತದೆ" ಅಂದಿದ್ದರು. ಪಿಯುಸಿಎಲ್ ಅನ್ನುವ ಹೆಸರು ನಾನು ಮೊದಲು ನೋಡಿದ್ದು ಆಗಲೇ.

ಅವರು ಹುಟ್ಟಿದ್ದು ಎಂಥ ಹೊತ್ತಿನಲ್ಲಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈಗಿನ ಹುಡುಗರೂ ಇದನ್ನು ಓದಬಹುದು ಅಂತ ಬರೆಯುತ್ತೇನೆ. 1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ಅದೇ ಬೆಂಗಳೂರು ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿಯವರ ಆಸ್ತಮಾ ಕೆಟ್ಟು, ಬಿಡುಗಡೆಯಾದ ಸ್ವಲ್ಪ ದಿನದಲ್ಲೇ, 1977ರ ಜನವರಿಯಲ್ಲಿ ತೀರಿಹೋದರು. ಸುಮ್ಮನೆ ಹಿಡಿದಿಟ್ಟರೂ ಕೋರ್ಟಿಗೆ ಹೋಗಬಹುದು ಅಂತ ಕರ್ನಾಟಕ ಹೈಕೋರ್ಟ್ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದ್ದವು. ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ಕ್ಕೆ ಅದನ್ನು ತಳ್ಳಿ ಹಾಕಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಬೇರೆ ಮಾತು ಬರೆದದ್ದು. ಅವರಿಗೆ ಸಿಗಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕೈತಪ್ಪಿತು. ಕೋರ್ಟಿನ ಬಾಗಿಲು ಹಾಕಿದ ಆ ವರ್ಷವೇ, ಅಕ್ಟೋಬರ್‌ನಲ್ಲಿ, ಜಯಪ್ರಕಾಶ ನಾರಾಯಣರು ಈ ಸಂಸ್ಥೆ ಶುರು ಮಾಡಿದರು. ಅವರ ಕಿಡ್ನಿ ಆಗಲೇ ಹಾಳಾಗಿತ್ತು. ಜೊತೆಗೆ ನಿಂತವರು ಬಾಂಬೆ ಹೈಕೋರ್ಟಿನ ಜಡ್ಜ್ ಆಗಿದ್ದ ತಾರ್ಕುಂಡೆ, ಮುಂದೆ ಉಪರಾಷ್ಟ್ರಪತಿಯಾದ ಕೃಷ್ಣಕಾಂತ್. 1980ರಲ್ಲಿ ಅದು ಸದಸ್ಯತ್ವದ ಸಂಸ್ಥೆ ಆಯಿತು. ಆಗ ಅದರ ಪ್ರಧಾನ ಕಾರ್ಯದರ್ಶಿ ಅರುಣ್ ಶೌರಿ, ನಂತರ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದವರು.

ಇದನ್ನು ಯಾಕೆ ಬರೆದೆ ಅಂದರೆ, ನಮ್ಮ ಕರಾವಳಿಯಲ್ಲಿ ಪಿಯುಸಿಎಲ್ ಅಂದ ಕೂಡಲೇ "ಓ, ಅವರ ಪರ ಮಾತಾಡುವವರು" ಅನ್ನುತ್ತಾರೆ. ಆ 'ಅವರು' ಯಾರು ಅನ್ನುವುದು ಹೇಳುವವನ ಮೇಲೆ ಹೋಗುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಚರ್ಚ್‌ಗಳ ಮೇಲೆ ದಾಳಿ ಆಯಿತು. 2009ರ ಜನವರಿಯಲ್ಲಿ ಪಬ್ಬಿನಲ್ಲಿ ಹುಡುಗಿಯರಿಗೆ ಹೊಡೆದರು. ಪಿಯುಸಿಎಲ್ ಕರ್ನಾಟಕದವರು ಅದೇ ವರ್ಷ ದಕ್ಷಿಣ ಕನ್ನಡದ ಈ ಪುಂಡಾಟಿಕೆಯ ಬಗ್ಗೆ ವರದಿ ಮಾಡಿದರು. ಸಂಸ್ಕೃತಿಯ ಹೆಸರಿನಲ್ಲಿ ಬೀದಿಯಲ್ಲಿ ಯಾರ್ಯಾರೋ ಪೊಲೀಸರಾಗುವುದನ್ನು ಬರೆದಿಟ್ಟರು. ಆಗ ಅವರನ್ನು ಬೈದವರಲ್ಲಿ, ತಮ್ಮ ಮನೆಯ ಹಿರಿಯರು ಎಮರ್ಜೆನ್ಸಿಯಲ್ಲಿ, ವಿಚಾರಣೆ ಇಲ್ಲದೆ ಹಿಡಿದಿಡುವ ಮೀಸಾ ಕಾಯ್ದೆಯಡಿ ಜೈಲಿಗೆ ಹೋಗಿದ್ದರು ಅಂತ ಹೆಮ್ಮೆಪಡುವವರೂ ಇದ್ದರು. ಆ ಹಿರಿಯರಂಥವರ ಸಲುವಾಗಿಯೇ ಈ ಸಂಸ್ಥೆ ಹುಟ್ಟಿದ್ದು ಅಂತ ಯಾರಾದರೂ ಅವರಿಗೆ ಹೇಳಬೇಕಿತ್ತು. ನಾನೂ ಹೇಳಲಿಲ್ಲ ಬಿಡಿ, ಟೈಪಿಂಗ್ ಗಿರಾಕಿಗಳ ಹತ್ತಿರ ರಾಜಕೀಯ ಮಾತಾಡಬಾರದು ಅಂತ ನನ್ನ ನಿಯಮ.

ಹಾಗೆ ಬೈದವರಿಗೆ ಗೊತ್ತಿಲ್ಲದೆ ಅವರ ಮನೆ ಒಳಗೂ ಪಿಯುಸಿಎಲ್ ಬಂದಿದೆ. ನನ್ನ ಅಕ್ಕನ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡವರು. ಬಿಸಿಯೂಟ ಯಾವುದೋ ಮುಖ್ಯಮಂತ್ರಿಯ ಕೊಡುಗೆ ಅಂತಲೇ ನಾವೆಲ್ಲ ತಿಳಿದುಕೊಂಡಿದ್ದೆವು. ನಡೆದದ್ದು ಬೇರೆ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಜನಕ್ಕೆ ಊಟ ಇಲ್ಲ, ಸರ್ಕಾರದ ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿತ್ತು. ಅಲ್ಲಿನ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ಕ್ಕೆ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು: ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಿ, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಇರಲಿ. ನಮ್ಮಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಈ ಕಡೆಗೂ ಬಂತು. ಬೆಳ್ತಿಗೆ ಅಕ್ಕಿ ಬೇಡ, ಕುಚ್ಚಲಕ್ಕಿಯೇ ಬೇಕು ಅನ್ನುವ ನಮ್ಮ ತಕರಾರು ಬೇರೆ ಇದ್ದೇ ಉಂಟು. ಆದರೂ ಆ ಹುಡುಗ, ಠಾಣೆಯಲ್ಲಿ 19 ಗಂಟೆ ಕೂತವನು, ಮಧ್ಯಾಹ್ನದ ಹೊತ್ತು ಹಸಿವಿಲ್ಲದೆ ಏಳನೇ ಕ್ಲಾಸಿನವರೆಗೆ ಹೋದದ್ದು ಆ ಊಟದಿಂದ.

ಮತಯಂತ್ರದ ಕೊನೆಯ ಗುಂಡಿ, ನೋಟಾ, ಅದೂ ಪಿಯುಸಿಎಲ್ ಕೇಸಿನಿಂದ ಬಂದದ್ದು, 2013ರಲ್ಲಿ. 2024ರ ಲೋಕಸಭೆ ಚುನಾವಣೆಯಲ್ಲಿ ದಕ್ಷಿಣ ಕನ್ನಡದಲ್ಲಿ 23 ಸಾವಿರಕ್ಕೂ ಜಾಸ್ತಿ ಜನ ಆ ಗುಂಡಿ ಒತ್ತಿದರು. 2012ರಲ್ಲಿ ಕೊಲೆಯಾದ ಒಬ್ಬಳು ವಿದ್ಯಾರ್ಥಿನಿಗೆ ನ್ಯಾಯ ಸಿಗಲಿಲ್ಲ ಅನ್ನುವ ಸಿಟ್ಟಿನಲ್ಲಿ ಒತ್ತಿದವರು ಅದರಲ್ಲಿ ಎಷ್ಟೋ ಜನ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಕೇಸು, ಆಸ್ತಿ ಬಗ್ಗೆ ಅಫಿಡವಿಟ್ ಕೊಡಬೇಕು ಅನ್ನುವುದು ಗಟ್ಟಿಯಾದದ್ದೂ 2003ರ ಪಿಯುಸಿಎಲ್ ತೀರ್ಪಿನಿಂದ. ಆ ಅಫಿಡವಿಟ್‌ಗಳಿಂದ ನನಗೂ ಚುನಾವಣೆ ಹೊತ್ತಿಗೆ ನಾಲ್ಕು ಕಾಸು ಆಗಿದೆ, ಸುಳ್ಳು ಹೇಳುವುದಿಲ್ಲ.

ಇನ್ನೊಂದು ಉಂಟು, ಅದು ನಿಮ್ಮ ಇಲಾಖೆಗೆ ನೇರವಾಗಿ ತಾಗುವುದು. 2014ರ ಸೆಪ್ಟೆಂಬರ್ 23ರ ತೀರ್ಪು. ಪೊಲೀಸ್ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಸಿಐಡಿಯೋ ಬೇರೆ ಠಾಣೆಯ ತಂಡವೋ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಇಂಥ 16 ಸೂಚನೆಗಳು. ಇದೂ ಪಿಯುಸಿಎಲ್ ಕೇಸೇ. 2003ರಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಎನ್‌ಕೌಂಟರಿನಲ್ಲಿ ಸತ್ತಾಗ ಈ ಸೂಚನೆಗಳು ಇರಲಿಲ್ಲ. 2024ರ ನವೆಂಬರ್‌ನಲ್ಲಿ ಹೆಬ್ರಿಯ ಕಬ್ಬಿನಾಲೆ ಕಾಡಿನಲ್ಲಿ ನಕ್ಸಲ್ ನಾಯಕನೊಬ್ಬ ಸತ್ತಾಗ ಇದ್ದವು. ಮಂಗಳೂರಿನ ಬಂದರಿನ ಬಳಿ 2019ರ ಡಿಸೆಂಬರ್ 19ಕ್ಕೆ, ಪೌರತ್ವ ಕಾಯ್ದೆಯ ಗಲಾಟೆಯಲ್ಲಿ, ಪೊಲೀಸ್ ಗುಂಡಿಗೆ ಇಬ್ಬರು ಸತ್ತ ಆ ಸಂಜೆ, ನಾನು ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತಿದ್ದೆ. ಕರ್ಫ್ಯೂ ಬಂತು, ಮೊಬೈಲಿನಲ್ಲಿ ಇಂಟರ್‌ನೆಟ್ ಹೋಯಿತು. ಅಂಥ ದಿನ ಯಾವ ಧರ್ಮದವನಿಗಾದರೂ, ಮನೆಯ ಹುಡುಗ ಎಲ್ಲಿದ್ದಾನೆ ಅಂತ ಗೊತ್ತಾದರೆ ಸಾಕು ಅನ್ನಿಸುತ್ತದೆ.

ಈ ಕೆಲಸವನ್ನೆಲ್ಲ ಅವರು ಸರ್ಕಾರದ ದುಡ್ಡಿನಲ್ಲಾಗಲಿ ಫಂಡಿಂಗ್ ಏಜೆನ್ಸಿಗಳ ದುಡ್ಡಿನಲ್ಲಾಗಲಿ ಮಾಡಿಲ್ಲ. ಸದಸ್ಯರ ಚಂದಾದಲ್ಲಿ ನಡೆಯುವ ಸಂಸ್ಥೆ. ಅವರ ಉಪಾಧ್ಯಕ್ಷರಾಗಿದ್ದ ಮಕ್ಕಳ ಡಾಕ್ಟರ್ ಬಿನಾಯಕ್ ಸೇನ್ 2007ರಲ್ಲಿ ಜೈಲಿಗೆ ಹೋದರು, ರಾಜದ್ರೋಹದ ಶಿಕ್ಷೆಯೂ ಆಯಿತು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಅವರು ಹೇಳುವುದೆಲ್ಲ ಸರಿ ಅಂತ ನನ್ನ ವಾದ ಅಲ್ಲ. ಕೆಲವು ವಿಷಯದಲ್ಲಿ ನನಗೂ ಅವರಿಗೂ ಹೊಂದುವುದಿಲ್ಲ. ಆದರೆ ಸೋತ ಕಡೆಯವನ ಪರವಾಗಿ 50 ವರ್ಷ ಅರ್ಜಿ ಹಾಕುವುದು ಸುಲಭ ಅಲ್ಲ. ಅರ್ಜಿ ಟೈಪ್ ಮಾಡಿಯೇ ನನಗೆ ಬೆನ್ನುನೋವು ಬಂದಿದೆ.

ಈಗ ನನ್ನ ಕೋರಿಕೆ. ಬಸು ತೀರ್ಪಿನಲ್ಲೇ ಒಂದು ಮಾತು ಉಂಟು. ಈ 11 ಅಂಶಗಳನ್ನು ಪ್ರತಿ ರಾಜ್ಯದ ಡಿಜಿಪಿಗೂ ಗೃಹ ಕಾರ್ಯದರ್ಶಿಗೂ ಕಳಿಸಬೇಕು, ಅವರು ಪ್ರತಿ ಠಾಣೆಯಲ್ಲೂ ಎದ್ದು ಕಾಣುವ ಜಾಗದಲ್ಲಿ ಹಾಕಿಸಬೇಕು ಅಂತ. ಅದಕ್ಕೆ ಈ ಡಿಸೆಂಬರ್‌ಗೆ 30 ವರ್ಷ. ಆ ಠಾಣೆಯಲ್ಲಿ ಬೋರ್ಡ್ ಹಾಕಿಸಿದವರು ಇದ್ದರು, ಅವರಿಗೆ ನಮಸ್ಕಾರ. ಆಮೇಲೆ ಯಾರೋ ಕಪಾಟು ತಂದು ಇಟ್ಟರು. ಬೇಕಂತಲೇ ಇಟ್ಟಿರಲಿಕ್ಕಿಲ್ಲ, ಜಾಗ ಇಲ್ಲದೆ ಇಟ್ಟಿರಬೇಕು. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ ಅನ್ನುವುದೇ ನನ್ನ ದೂರು.

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಎಲ್ಲ ಠಾಣೆಗಳಲ್ಲಿ ಒಂದು ಸಾರಿ ಗೋಡೆ ನೋಡಿಸಿ. ಬೋರ್ಡ್ ಇದ್ದರೆ ಕಾಣುವ ಹಾಗೆ ಮಾಡಿಸಿ, ಇಲ್ಲದಿದ್ದರೆ ಹಾಕಿಸಿ. ಸಾಹೇಬರ ಕೋಣೆಯಲ್ಲಿ ಬೇಡ, ಜನ ಕಾಯುವ ಬೆಂಚಿನ ಎದುರೇ ಇರಲಿ. 'ತಕ್ಕದ್ದು' ಕನ್ನಡ ಬೇಡ, ನನ್ನ ಅಕ್ಕನಿಗೆ ಅರ್ಥ ಆಗುವ ಹಾಗೆ ಬರೆಸಿ, ಕನ್ನಡ ಲಿಪಿಯಲ್ಲೇ ತುಳುವಿನಲ್ಲೂ ಬರೆಸಿ. ಧಕ್ಕೆಯಲ್ಲಿ ಈಗ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರೇ ಜಾಸ್ತಿ, ಅವರಿಗಾಗಿ ಹಿಂದಿಯಲ್ಲೂ ನಾಲ್ಕು ಸಾಲು ಇರಲಿ. ಕಾನೂನು ನೆರವಿನ 15100 ನಂಬರ್ ದೊಡ್ಡದಾಗಿ ಬರಲಿ. 2024ರ ಜುಲೈಯಿಂದ ಬಂದ ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ, ಹಿಡಿದವರ ವಿವರ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಎಎಸ್‌ಐಗೆ ಕಡಿಮೆಯಲ್ಲದ ಒಬ್ಬ ಅಧಿಕಾರಿ ಇರಬೇಕು, ಆ ವಿವರ ಠಾಣೆಯಲ್ಲಿ ಪ್ರದರ್ಶನ ಆಗಬೇಕು. ಆ ಅಧಿಕಾರಿಯ ಹೆಸರನ್ನೂ ಅದೇ ಬೋರ್ಡಿನ ಕೆಳಗೆ ಬರೆಸಿ. ಆಗ ರಾತ್ರಿ ಮಳೆಯಲ್ಲಿ ಮೂರು ಠಾಣೆ ಅಲೆಯುವುದು ತಪ್ಪುತ್ತದೆ. ವಿಚಾರಣೆಗೆ ಬೇಕಾದರೆ ನೋಟಿಸ್ ಕೊಟ್ಟು ಕರೆಯಲು ಅದೇ ಸಂಹಿತೆಯ 35(3)ರಲ್ಲಿ ದಾರಿ ಉಂಟು, ಮಫ್ತಿ ಕಾರು ಯಾಕೆ? 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸಿಸಿಟಿವಿ ಕೆಲಸ ಮಾಡುತ್ತಿದೆಯಾ ಅಂತಲೂ ಒಮ್ಮೆ ಕೇಳಿ. ಖಾಲಿ ಹಾಳೆಗೆ ಸಹಿ ಹಾಕಿಸಬೇಡಿ ಅಂತ ಸುತ್ತೋಲೆ ಹೊರಡಿಸಿ, ಟೈಪ್ ಮಾಡಲು ಜನ ಇಲ್ಲದಿದ್ದರೆ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ.

ಬೋರ್ಡ್ ಇದ್ದರೆ ಎಲ್ಲ ಸರಿಯಾಗುತ್ತದಾ ಅಂತ ನನ್ನ ವಕೀಲ ಮಿತ್ರರು ನಗುತ್ತಾರೆ. ಅವರು ಬೆಂಚಿನಲ್ಲಿ ಕೂತವರಲ್ಲ, ಒಳಗೆ ಕುರ್ಚಿ ಸಿಗುವವರು. ನನ್ನಂಥವನಿಗೆ ಸಾಹೇಬರ ಮುಖ ನೋಡಿ ಕಾನೂನು ಹೇಳಲು ಬಾಯಿ ಬರುವುದಿಲ್ಲ. ಗೋಡೆಯಲ್ಲಿ ಬರೆದಿದ್ದರೆ ಬೆರಳು ತೋರಿಸಿ, "ಸರ್, ಇಲ್ಲಿ ಹೀಗೆ ಉಂಟಲ್ಲ" ಅನ್ನಬಹುದು. ಅದು ನಾನು ಹೇಳಿದ ಹಾಗೆ ಆಗುವುದಿಲ್ಲ, ನಿಮ್ಮದೇ ಇಲಾಖೆ ಹೇಳಿದ ಹಾಗೆ ಆಗುತ್ತದೆ.

ಅಕ್ಟೋಬರ್ ಒಳಗೆ ಆದರೆ ಬಹಳ ಒಳ್ಳೆಯದು. ಆ ಬೋರ್ಡಿನಲ್ಲಿ ಪಿಯುಸಿಎಲ್ ಹೆಸರು ಹಾಕಬೇಕು ಅಂತ ಇಲ್ಲ. ಬೋರ್ಡ್ ಓದಲು ಬರುವ ಹಾಗೆ ಇದ್ದರೆ ಅವರಿಗೆ ಅದೇ ಸನ್ಮಾನ ಅಂತ ನಾನು ಅಂದುಕೊಂಡಿದ್ದೇನೆ, ಅವರನ್ನು ಕೇಳಿಲ್ಲ.

ಕಪಾಟಿನ ವಿಷಯ. ಮೊನ್ನೆ ಬೇರೆ ಕೆಲಸಕ್ಕೆ ಆ ಠಾಣೆಗೆ ಹೋಗಿದ್ದಾಗ ಅದೇ ಬಾಗಲಕೋಟೆಯ ಹುಡುಗ ಸಿಕ್ಕಿದ. ಕಪಾಟಿನ ಒಳಗೆ ಏನುಂಟು ಅಂತ ಕೇಳಿದೆ. ಹಳೆಯ ರೇನ್‌ಕೋಟ್, ಎರಡು ಮುರಿದ ಲಾಠಿ, ಒಂದು ಕೆಟ್ಟ ಫ್ಯಾನ್ ಅಂತೆ. ಸರಿಸಲು ಜನ ಕಡಿಮೆಯಾದರೆ ಹೇಳಿ ಕಳಿಸಿ ಸರ್, ನಾನೂ ಅಕ್ಕನ ಮಗನೂ ಬರುತ್ತೇವೆ. ಅವನು ದಿನಾ ಮೀನಿನ ಬುಟ್ಟಿ ಎತ್ತುವವನು, ಅವನಿಗೆ ಅದು ಭಾರ ಅಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜಾಬ್ ಟೈಪಿಸ್ಟ್,
ಕೊಡಿಯಾಲ್‌ಬೈಲ್, ಮಂಗಳೂರು